ಉತ್ತರ: ಎಫ್‌ಐಆರ್ ಆಗಿ ನಾಲ್ಕು ತಿಂಗಳು, ಹರಿಹರದ ಠಾಣೆಯಿಂದ ಸುದ್ದಿಯೇ ಇಲ್ಲ

ನಿಮ್ಮ ತಮ್ಮನ ಮೇಲಾದ ಹಲ್ಲೆಯ ಕೇಸು ನಿಂತಿರೋದು ಬಹುಶಃ ಆಸ್ಪತ್ರೆಯಿಂದ ಗಾಯದ ಪ್ರಮಾಣಪತ್ರ ಠಾಣೆಗೆ ಬಾರದ್ದಕ್ಕೆ. ಗಾಯ ಸಾಮಾನ್ಯವೋ ತೀವ್ರವೋ ಅಂತ ಅದರಲ್ಲಿ ಬರದೆ ಚಾರ್ಜ್‌ಶೀಟ್ ಸಾಮಾನ್ಯವಾಗಿ ಮುಂದೆ ಹೋಗಲ್ಲ. ಕಡತ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಮೊದಲು ಅದನ್ನೇ ವಿಚಾರಿಸಿ.

‘ಹೋಗಿ, ಫೋನ್ ಮಾಡ್ತೀವಿ’ ಅನ್ನೋ ಬಾಯಿಮಾತಿಗೆ ಸುಮ್ಮನಾಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧದ ತನಿಖೆ, ವಿಚಾರಣೆ ಹೇಗೆ ನಡೀಬೇಕು ಅನ್ನೋ ಕಾನೂನು) 193ನೇ ಕಲಂ ಪ್ರಕಾರ, ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೋ ಸಂತ್ರಸ್ತರಿಗೋ ಪೊಲೀಸರೇ ತಿಳಿಸಬೇಕು. ಎಫ್‌ಐಆರ್ ನಂಬರ್, ಈ ಕಲಂ ಎರಡನ್ನೂ ನಮೂದಿಸಿ ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ಠಾಣೆಯ ಸೀಲು, ತಾರೀಖು ಬೀಳಲೇಬೇಕು. ಸೀಲಿಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ. ಹಾಕಲ್ಲ ಅಂದ್ರೆ ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ, ಇನ್ನೊಂದು ಪ್ರತಿ ದಾವಣಗೆರೆ ಎಸ್‌ಪಿ ಕಚೇರಿಗೆ ಕಳಿಸಿ, ರಸೀದಿ ಇಟ್ಕೊಳ್ಳಿ.

ಆಸ್ಪತ್ರೆ ಖರ್ಚಿಗೆ ತೀರ್ಪಿನ ತನಕ ಕಾಯಬೇಕಿಲ್ಲ. ಅದೇ ಸಂಹಿತೆಯ 396ನೇ ಕಲಂ ಅಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮಧ್ಯಂತರ ಪರಿಹಾರ ಕೊಡಬಹುದು. ಅದಕ್ಕೆ ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರ ಬೇಕಾಗಬಹುದು. ಠಾಣೆಗೆ ಹೋದಾಗಲೇ ಕೇಳಿಬಿಡಿ. ಎಷ್ಟು ಸಿಗುತ್ತೆ ಅನ್ನೋದು ಗಾಯದ ಮೇಲೆ. ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಸಮ್ಮರಿ, ಬಿಲ್ಲು ಹಿಡಿದು ದಾವಣಗೆರೆಯ ಪ್ರಾಧಿಕಾರದ ಕಚೇರಿಗೆ ಹೋಗಿ. ಹೊರಡೋ ಮುಂಚೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಇನ್ನೇನು ಕಾಗದ ಬೇಕು ಕೇಳ್ಕೊಳ್ಳಿ.