ಒಂದೇ ಬಯಲು, ಹತ್ತು ಹತ್ತು ಕ್ವಾಡ್ರಾಟ್, ಎರಡು ಉತ್ತರ: ಪಾರ್ಥೇನಿಯಂ ಎಣಿಕೆಯಲ್ಲಿ ತಪ್ಪು ಯಾರದು?

ಕಾಲೇಜಿನ ಹಿಂದಿನ ಎರಡು ಎಕರೆ ಬಯಲಿನಲ್ಲಿ ಒಂದು ಮೀಟರ್ ಉದ್ದಗಲದ ಹತ್ತು ಕ್ವಾಡ್ರಾಟ್ (ಗಿಡ ಎಣಿಸಲು ಗುರುತಿಸುವ ಚೌಕ) ಹಾಕಿದಾಗ ನಿಮಗೆ 0, 3, 0, 41, 2, 0, 17, 5, 0, 12 ಪಾರ್ಥೇನಿಯಂ ಗಿಡಗಳು ಸಿಕ್ಕಿವೆ. ಅದರಿಂದ ಒಟ್ಟು ಸುಮಾರು 65 ಸಾವಿರ ಗಿಡಗಳೆಂದು ಅಂದಾಜಿಸಿದ್ದೀರಿ. ಬೇರೆ ಹತ್ತು ಚೌಕ ಹಾಕಿದ ನಿಮ್ಮ ಸಹಪಾಠಿಗೆ 24 ಸಾವಿರ ಬಂದಿದೆ. ತಪ್ಪು ಯಾರದೆಂಬುದು ನಿಮ್ಮ ಪ್ರಶ್ನೆ. ನನ್ನ ಉತ್ತರ: ಎಣಿಕೆ ಸರಿಯಾಗಿದ್ದರೆ ಇಬ್ಬರದೂ ತಪ್ಪಲ್ಲ, ಹತ್ತೇ ಚೌಕಗಳಿಂದ ಈ ಬಯಲಿನ ಲೆಕ್ಕ ಹೇಳಬಹುದೆಂದು ಇಬ್ಬರೂ ನಂಬಿದ್ದೇ ತೊಡಕು.

ನಿಮ್ಮ ಗಣಿತವೇನೋ ಸರಿಯಾಗಿದೆ. ಒಟ್ಟು 80 ಗಿಡಗಳನ್ನು 10 ಚದರ ಮೀಟರಿನಿಂದ ಭಾಗಿಸಿದರೆ ಸಾಂದ್ರತೆ 8, ಎರಡು ಎಕರೆ ಎಂದರೆ ಸುಮಾರು 8,094 ಚದರ ಮೀಟರ್, ಗುಣಿಸಿದರೆ 64,752. ಆದರೆ ಆ ಸಾಲನ್ನು ಇನ್ನೊಮ್ಮೆ ನೋಡಿ. ಎಂಬತ್ತರಲ್ಲಿ ನಲವತ್ತೊಂದು ಗಿಡಗಳು ಒಂದೇ ಚೌಕದಿಂದ ಬಂದಿವೆ. ಆ ಚೌಕ ಎರಡು ಹೆಜ್ಜೆ ಆಚೆ ಬಿದ್ದಿದ್ದರೆ ನಿಮ್ಮ ಉತ್ತರ ಅರ್ಧಕ್ಕೆ ಇಳಿದುಬಿಡುತ್ತಿತ್ತು. ಸರಾಸರಿ 8 ಇರುವಲ್ಲಿ ವೇರಿಯನ್ಸ್, ಅಂದರೆ ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, 168 ಇದೆ. ಗಿಡಗಳು ಯಾವ ಕ್ರಮವೂ ಇಲ್ಲದೆ ಚೆಲ್ಲಿದಂತೆ ಹರಡಿದ್ದರೆ ಇವೆರಡೂ ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಇಲ್ಲಿ ಒಂದಕ್ಕೆ ಇಪ್ಪತ್ತೊಂದರಷ್ಟಿರುವುದರಿಂದ ಗಿಡಗಳು ಗುಂಪುಗುಂಪಾಗಿ ಬೆಳೆದಿವೆ ಎಂದರ್ಥ. ಪಾರ್ಥೇನಿಯಂ ಬೀಜಗಳಲ್ಲಿ ಬಹುಪಾಲು ತಾಯಿಗಿಡದ ಬುಡದ ಸುತ್ತಲೇ ಉದುರಿ, ಒಂದು ಹದ ಮಳೆಗೆ ಒತ್ತೊತ್ತಾಗಿ ಮೊಳೆಯುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮ್ಮ ಸರಾಸರಿಯ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಸರಾಸರಿ ಎಷ್ಟು ಹೊಯ್ದಾಡಬಹುದು ಎಂಬುದರ ಅಳತೆ, 4.1. ಶೇ. 95ರ ವಿಶ್ವಾಸ ಮಿತಿ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಲೆಕ್ಕ ಹಾಕಿದರೆ 8ಕ್ಕೆ 9.3ನ್ನು ಕೂಡಿಸಿ ಕಳೆಯಬೇಕಾಗುತ್ತದೆ. ಕೆಳಮಿತಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಮೇಲ್ಮಿತಿ 1 ಲಕ್ಷ 40 ಸಾವಿರ ಗಿಡಗಳಷ್ಟಾಗುತ್ತದೆ. ಒಂದೆರಡು ದೊಡ್ಡ ಅಂಕಿಗಳ ಕಡೆಗೆ ಇಷ್ಟು ವಾಲಿದ ಎಣಿಕೆಗೆ ಈ ಸೂತ್ರ ಚೆನ್ನಾಗಿ ಹೊಂದುವುದಿಲ್ಲವೆಂಬುದು ನಿಜ. ಆದರೂ ನಿಮ್ಮ ಸಹಪಾಠಿಯ 24 ಸಾವಿರ ಈ ವ್ಯಾಪ್ತಿಯೊಳಗೇ ನೆಮ್ಮದಿಯಾಗಿ ಕುಳಿತಿದೆ ಎಂಬುದಂತೂ ಕಾಣುತ್ತದೆ. ಈ ಸ್ಟ್ಯಾಂಡರ್ಡ್ ಎರರ್ ಎಂಬ ದೋಷವನ್ನು ಸರಾಸರಿಯ ಶೇ. 20ಕ್ಕೆ ಇಳಿಸಲು ಸುಮಾರು 66 ಚೌಕಗಳು ಬೇಕು, ಶೇ. 10ಕ್ಕೆ ಇಳಿಸಲು 260ಕ್ಕೂ ಹೆಚ್ಚು. ದೋಷ ಅರ್ಧವಾಗಬೇಕಾದರೆ ದುಡಿಮೆ ನಾಲ್ಕು ಪಟ್ಟಾಗುತ್ತದೆ. ಅಷ್ಟು ಚೌಕ ಹಾಕಲು ಆಗದಿದ್ದರೆ ಬಯಲನ್ನು ಕಾಲುದಾರಿಯ ಅಂಚು, ಮರದ ನೆರಳು, ನೀರು ನಿಲ್ಲುವ ತಗ್ಗು ಎಂದು ಮೊದಲೇ ವಿಂಗಡಿಸಿ, ಒಂದೊಂದರಲ್ಲೂ ಬೇರೆಯಾಗಿ ಚೌಕ ಹಾಕಿ, ಆಯಾ ಭಾಗದ ವಿಸ್ತೀರ್ಣಕ್ಕೆ ತಕ್ಕಂತೆ ಕೂಡಿಸಿಕೊಳ್ಳಿ. ಕಡಿಮೆ ಚೌಕಗಳಲ್ಲೇ ನಂಬಬಹುದಾದ ಉತ್ತರ ಸಿಗುತ್ತದೆ.

ಚೌಕ ಎಲ್ಲಿ ಹಾಕಿದಿರಿ ಎಂಬುದನ್ನು ನೀವು ಬರೆದಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಪಿವಿಸಿ ಪೈಪಿನ ಚೌಕಟ್ಟನ್ನು ಕಣ್ಣುಮುಚ್ಚಿ ಭುಜದ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದೆವು, ಅದನ್ನೇ ಯಾದೃಚ್ಛಿಕ (ರ್ಯಾಂಡಮ್) ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಿದ್ದೆವು. ವಾರ ಕಳೆದ ಮೇಲೆ ನೋಡಿದರೆ ಒಂದು ಚೌಕವೂ ಲಂಟಾನದ ಪೊದೆಯೊಳಗೆ ಬಿದ್ದಿರಲಿಲ್ಲ. ಎಸೆಯುವ ಮೊದಲು ಎಲ್ಲಿ ನಿಲ್ಲಬೇಕೆಂದು ಕಾಲುಗಳೇ ತೀರ್ಮಾನಿಸಿಬಿಟ್ಟಿದ್ದವು. ಬಯಲಿನ ಎರಡು ಅಂಚುಗಳಿಗೆ ಟೇಪು ಹಾಸಿ, ಫೋನಿನಲ್ಲೇ ಎರಡೆರಡು ಯಾದೃಚ್ಛಿಕ ಸಂಖ್ಯೆ ತೆಗೆದು, ಅವು ಸೇರುವ ಬಿಂದುವಿನಲ್ಲಿ ಚೌಕ ಇಡಿ. ಅಲ್ಲಿ ಮುಳ್ಳಿದ್ದರೂ ಸರಿ, ಬರೀ ಮಣ್ಣಿದ್ದರೂ ಸರಿ. ಸೊನ್ನೆ ಸಿಕ್ಕ ಚೌಕವನ್ನು ಬಿಟ್ಟು ಭಾಗಿಸಬೇಡಿ: 80ನ್ನು 6ರಿಂದ ಭಾಗಿಸಿ ಬರುವ 13.3 ಪಠ್ಯಪುಸ್ತಕಗಳು ಹೇಳುವ ಸಮೃದ್ಧಿಯೇ (ಗಿಡ ಸಿಕ್ಕ ಚೌಕಗಳಷ್ಟರ ಸರಾಸರಿ) ಹೊರತು ಸಾಂದ್ರತೆಯಲ್ಲ.

ಅಂಚಿನ ವಿಷಯವೂ ಸಣ್ಣದಲ್ಲ. ಚೌಕದ ಗಡಿಯ ಹುರಿಗೆ ತಾಗಿಕೊಂಡೇ ಒಂದು ಗಿಡ ನಿಂತಿರುತ್ತದೆ, ಎಲೆಗಳೆಲ್ಲ ಒಳಗೆ, ಬುಡ ಹೊರಗೆ. ಬುಡ ಎಲ್ಲಿದೆಯೋ ಅದೇ ಲೆಕ್ಕ. ಬುಡವೇ ಹುರಿಯ ಕೆಳಗಿದ್ದರೆ ಎಡ ಮತ್ತು ಕೆಳ ಅಂಚಿನವನ್ನು ಸೇರಿಸಿ, ಬಲ ಮತ್ತು ಮೇಲಂಚಿನವನ್ನು ಬಿಡಿ. ಇಂಥ ನಿಯಮವಿಲ್ಲದಿದ್ದರೆ ಎಣಿಸುವವರ ಕೈ ಯಾವಾಗಲೂ ಸೇರಿಸುವ ಕಡೆಗೇ ವಾಲುತ್ತದೆ.

ಕಣ್ಣಂದಾಜಿಗೆ ಮೋಸಹೋಗುವುದು ಹಳೆಯ ಕಥೆ. 1898ರಲ್ಲಿ ಅಮೆರಿಕದ ನೆಬ್ರಾಸ್ಕಾದ ಹುಲ್ಲುಗಾವಲುಗಳ ಸಸ್ಯಗಳನ್ನು ಅಭ್ಯಸಿಸುತ್ತಿದ್ದ ರಾಸ್ಕೋ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಐದು ಮೀಟರಿನ ಚೌಕ ಗುರುತಿಸಿ ಒಂದೊಂದೇ ಗಿಡ ಎಣಿಸಲು ಹೊರಟದ್ದು ಈ ಕಾರಣಕ್ಕೇ. ಪೌಂಡ್ ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದರು ಎಂಬುದು ನನಗೆ ಈಗಲೂ ಸೋಜಿಗ.

ಮರು ಎಣಿಕೆಗೆ ಇಳಿದಾಗ ಎಲೆಚಕ್ರವಷ್ಟೇ (ಬುಡದ ಸುತ್ತ ವೃತ್ತವಾಗಿ ಹರಡಿದ ಎಲೆಗಳು) ಇರುವ ಸಸಿಗಳನ್ನೂ ಹೂಬಿಟ್ಟ ಗಿಡಗಳನ್ನೂ ಬೇರೆ ಬೇರೆ ಬರೆದುಕೊಳ್ಳಿ, ಕೈಗವಸು ಮರೆಯಬೇಡಿ. ಅದೇ ಚೌಕದಲ್ಲಿರುವ ಗರಿಕೆಯನ್ನು ಮಾತ್ರ ಗಿಡದ ಲೆಕ್ಕದಲ್ಲಿ ಎಣಿಸಲು ಹೋಗಬೇಡಿ. ಒಂದು ಬಳ್ಳಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಯಾರೂ ಹೇಳಲಾರರು, ಅದಕ್ಕೆ ನೆಲದ ಶೇಕಡಾ ಎಷ್ಟು ಭಾಗ ಮುಚ್ಚಿದೆ ಎಂದು ಬರೆದರೆ ಸಾಕು.