ನಮ್ಮೂರ ಶಾಲೆಗೆ ಎಷ್ಟು ವಯಸ್ಸು?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ನಾನು ಓದಿದ ಸರ್ಕಾರಿ ಶಾಲೆಗೆ ನೂರು ವರ್ಷ ದಾಟಿದೆ ಅಂತ ಹಿರಿಯರು ಹೇಳುತ್ತಾರೆ, ದಾಖಲೆ ಮಾತ್ರ ಯಾರ ಹತ್ತಿರವೂ ಇಲ್ಲ. ಈಗ ಹೆಂಚಿನ ಕಟ್ಟಡ ಕೆಡವುವ ಮಾತು ನಡೆದಿದೆ. ಶಾಲೆಯ ಇತಿಹಾಸ ಉಳಿಸಲು ಏನು ಮಾಡಬೇಕು?
– ಒಬ್ಬ ಹಳೆಯ ವಿದ್ಯಾರ್ಥಿ

ಉತ್ತರ: ಕಟ್ಟಡದ ಮಾತು ಆಮೇಲೆ. ಮೊದಲು ಮುಖ್ಯ ಶಿಕ್ಷಕರನ್ನು ಕೇಳಿ ಹಳೇ ದಾಖಲಾತಿ ರಿಜಿಸ್ಟರ್ ತೆಗೆಸಿ. ಟಿಸಿಗೆ, ಹುಟ್ಟಿದ ತಾರೀಖಿಗೆ ಜನ ಬರುತ್ತಲೇ ಇರುತ್ತಾರೆ, ಹಾಗಾಗಿ ಏನೇ ಹೋದರೂ ಇದನ್ನು ಜೋಪಾನ ಮಾಡಿರುತ್ತಾರೆ. ಕ್ರಮಸಂಖ್ಯೆ 1ರಿಂದ ಶುರುವಾಗಿದೆಯಾ ನೋಡಿ. ಇಲ್ಲದಿದ್ದರೆ ಅದಕ್ಕಿಂತ ಹಳೆಯದು ಇನ್ನೊಂದು ಇತ್ತು ಎಂದೇ ಅರ್ಥ, ಹುಡುಕಿ. ಜಿಲ್ಲೆಯ ಹೆಸರು 'ಕಡೂರು' ಎಂದಿದ್ದರೆ ಬೇರೆ ಊರಿನದು ಅಂದುಕೊಳ್ಳಬೇಡಿ. 1947ರವರೆಗೆ ಚಿಕ್ಕಮಗಳೂರು ಜಿಲ್ಲೆಗೆ ಅದೇ ಹೆಸರು.

ಮೈಸೂರು ಸೀಮೆಯ ಹಳ್ಳಿಗಳಿಗೆ ಸರ್ಕಾರಿ ಶಾಲೆ ಬರತೊಡಗಿದ್ದು ಮುಖ್ಯವಾಗಿ 1868ರ ಹೋಬಳಿ ಶಾಲೆ ಯೋಜನೆಯಿಂದ. ಅದನ್ನು ರೂಪಿಸಿದವರು ಬಿ. ಎಲ್. ರೈಸ್, ನಮ್ಮ ಶಾಸನಗಳನ್ನೆಲ್ಲ ಓದಿ ಅಚ್ಚು ಹಾಕಿಸಿದ ಅದೇ ರೈಸ್. ನಿಮ್ಮದು ಹೋಬಳಿ ಊರಾಗಿದ್ದರೆ ಶಾಲೆ ಆ ಕಾಲದ್ದೂ ಆಗಿರಬಹುದು. ಅದಕ್ಕೂ ಮೊದಲು ಕೂಲಿಮಠಗಳಿದ್ದವು, ಅಂದರೆ ಊರಿನ ಖಾಸಗಿ ಪಾಠಶಾಲೆಗಳು. ಅಯ್ಯನವರು ಮಕ್ಕಳಿಂದ ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಯಾರ ಮನೆ ಜಗಲಿಯಲ್ಲಿ ಮಠ ನಡೆಯುತ್ತಿತ್ತು ಅನ್ನುವುದನ್ನು ಊರಿನ ಅಜ್ಜ ಅಜ್ಜಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ.

ರಿಜಿಸ್ಟರ್ ಸಿಕ್ಕ ಮೇಲೆ ಸುಮ್ನೆ ಇಸವಿ ನೋಡಿ ಮುಚ್ಚಿಡಬೇಡಿ, ದಯವಿಟ್ಟು. ಊರಿನ ಮೊದಲ ಹುಡುಗಿ ಶಾಲೆಗೆ ಸೇರಿದ್ದು ಯಾವ ವರ್ಷ? ಕೇರಿಯ ಮಕ್ಕಳ ಹೆಸರು ಎಂದಿನಿಂದ ಕಾಣುತ್ತದೆ? ತೋಟದ ಕೂಲಿಯವರ ಲೈನ್ ಮನೆಗಳಿಂದ ಬಂದ ಮಕ್ಕಳು ಎಷ್ಟನೇ ಕ್ಲಾಸಿಗೆ ಬಿಟ್ಟು ಹೋದರು? ಶಾಲೆ ಬಿಟ್ಟ ಕಾರಣ ಬರೆದಿದ್ದರೆ ಅದನ್ನು ನಿಧಾನಕ್ಕೆ ಓದಿ. ನನಗಂತೂ ಊರಿನ ಇಡೀ ಕಥೆ ಅಲ್ಲೇ ಇದೆ ಅನ್ನಿಸುತ್ತದೆ. ಯಾರಿಗೆ ಓದು ಸಿಕ್ಕಿತು, ಯಾರಿಗೆ ತಪ್ಪಿತು ಅನ್ನುವುದನ್ನು ಗೋಡೆ ಹೇಳುವುದಿಲ್ಲ ಅಲ್ವಾ.

ಮಲೆನಾಡಿನ ಥಂಡಿಗೆ ಕಾಗದ ಬೇಗ ಕೆಡುತ್ತದೆ. ಅನುಮತಿ ಪಡೆದು ಹಗಲು ಬೆಳಕಿನಲ್ಲಿ ಪ್ರತಿ ಪುಟದ ಫೋಟೋ ತೆಗೆಯಿರಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಅದು ಕಾಗದವನ್ನು ಇನ್ನೂ ಜಾಸ್ತಿ ಹಾಳು ಮಾಡುತ್ತದೆ. ಫೋಟೋಗಳನ್ನು ವಾಟ್ಸಾಪಿನಲ್ಲಿ ಹಂಚಬೇಡಿ. ಬದುಕಿರುವವರ ಜಾತಿ, ಜನ್ಮದಿನ ಅದರಲ್ಲಿರುತ್ತದೆ.

ಇನ್ನು ಕಟ್ಟಡ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಇಂಜಿನಿಯರನ್ನು ಕರೆಸಿ. ಗೋಡೆ ಗಟ್ಟಿ ಇದ್ದು ಬರೀ ರೀಪು, ಹೆಂಚು ಹೋಗಿದ್ದರೆ ರಿಪೇರಿಗೇ ಹಟ ಹಿಡಿಯಿರಿ. ಗೋಡೆಯೇ ಬಾಯಿ ಬಿಟ್ಟಿದ್ದರೆ ಕೆಡವಲಿ, ಮಕ್ಕಳ ಜೀವ ಮುಖ್ಯ. ಆದರೆ ರಿಜಿಸ್ಟರ್ ಇರುವ ಬೀರು ಆಚೆ ಹಾಕುವ ದಿನ ನೀವೇ ಅಲ್ಲಿರಿ.