ಇಂಗಾಲ ಹಿಡಿಯುವ ವಸ್ತುಗಳಿಗೆ ನೊಬೆಲ್ ಬಂದಿದ್ದರೂ ಚಿಮಣಿಗಳಿಗೆ ಅವು ಏಕೆ ಬಂದಿಲ್ಲ?

ಉಡುಪಿಯಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. 2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಲೋಹದ ಪರಮಾಣುಗಳನ್ನು ಸಾವಯವ ಅಣುಗಳ ಕೊಂಡಿಗಳಿಂದ ಜೋಡಿಸಿ ಕಟ್ಟಿದ, ಸೂಕ್ಷ್ಮ ರಂಧ್ರಗಳಿರುವ ಲೋಹ-ಸಾವಯವ ಚೌಕಟ್ಟುಗಳ, ಅಂದರೆ ಎಂಒಎಫ್‌ಗಳ, ಸಂಶೋಧನೆಗಾಗಿ ಕಿಟಗಾವಾ, ರಾಬ್ಸನ್ ಮತ್ತು ಯಾಘಿ ಅವರಿಗೆ ಕೊಟ್ಟರು. ಅಂಥ ವಸ್ತು ಇಂಗಾಲದ ಡೈಆಕ್ಸೈಡನ್ನು ಹೀರುವುದು ನಿಜವಾದರೆ, ಮಂಗಳೂರಿಗೆ ಹೋಗುವಾಗ ಬಸ್ಸಿನಿಂದ ಕಾಣುವ ಪಡುಬಿದ್ರಿ ಬಳಿಯ ವಿದ್ಯುತ್ ಸ್ಥಾವರದ ಚಿಮಣಿಗೆ ಅದನ್ನು ಇನ್ನೂ ಏಕೆ ಅಳವಡಿಸಿಲ್ಲ ಎಂಬುದು ಮೊದಲನೆಯದು. ಈ ಕ್ಷೇತ್ರದಲ್ಲಿ ಕೆಲಸ ಮಾಡಬೇಕಾದರೆ ಕರಾವಳಿ ಬಿಟ್ಟು ಹೋಗಲೇಬೇಕೇ ಎಂಬುದು ಎರಡನೆಯದು. ನಾನು ಮಂಗಳೂರಿನ ಹೊರವಲಯದ ಒಂದು ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷಗಳಿಂದ ಇಂಥ ಹೀರುವಸ್ತುಗಳನ್ನು ತಯಾರಿಸಿ ಅಳೆಯುತ್ತಿದ್ದೇನೆ. ಹೀರುವ ಪ್ರಮಾಣದಲ್ಲಿ ಇಂದಿನ ವಸ್ತುಗಳು ಹಿಂದೆ ಬಿದ್ದಿಲ್ಲ ಎಂಬುದು ನನ್ನ ಅನುಭವ. ನೀರಾವಿಯ ನಡುವೆ ಹೀರಿ, ಕಡಿಮೆ ಶಾಖಕ್ಕೆ ಬಿಟ್ಟುಕೊಟ್ಟು, ಅದನ್ನೇ ಸಾವಿರಾರು ಸಲ ಮಾಡಬೇಕಾದಾಗ ಅವುಗಳಲ್ಲಿ ಹೆಚ್ಚಿನವು ಸೋಲುತ್ತವೆ.

ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಉಷ್ಣಾಂಶ 30 ಡಿಗ್ರಿ, ತೇವಾಂಶ ಶೇಕಡಾ 80 ಇರುವ ದಿನ ನಮ್ಮಲ್ಲಿ ಅಪರೂಪವಲ್ಲ. ಅಂಥ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 34,000 ನೀರಿನ ಕಣಗಳಿರುತ್ತವೆ; ಇಂಗಾಲದ ಡೈಆಕ್ಸೈಡಿನ ಕಣಗಳು ಸುಮಾರು 420. ನಾವು ಬಯಸುವ ಒಂದು ಕಣಕ್ಕೆ ಎದುರಾಗಿ ಎಂಬತ್ತು ನೀರಿನ ಕಣಗಳು ಅದೇ ಜಾಗಕ್ಕೆ ಕಾದು ನಿಂತಿರುತ್ತವೆ. ಕಲ್ಲಿದ್ದಲ ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 12ರಿಂದ 15ರಷ್ಟು ಇರುವುದರಿಂದ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ, ಆದರೆ ಆ ಹೊಗೆಯೂ ನೀರಾವಿಯಿಂದ ತುಂಬಿರುತ್ತದೆ, ಜೊತೆಗೆ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳನ್ನೂ ಹೊತ್ತು ಬರುತ್ತದೆ.

ಈ ಲೆಕ್ಕ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಕಣ್ಣಿಗೆ ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ. ಹಾಂಕಾಂಗ್‌ನ ವಿಶ್ವವಿದ್ಯಾಲಯವೊಂದರ ಹೆಸರು ಹೊತ್ತ ಎಚ್‌ಕೆಯುಎಸ್‌ಟಿ-1 ಎಂಬ ತಾಮ್ರದ ಚೌಕಟ್ಟನ್ನು 1999ರಲ್ಲಿ ಮೊದಲು ವರದಿ ಮಾಡಿದರು. ಇಂದಿಗೂ ವಿದ್ಯಾರ್ಥಿಗಳು ಕೈಪಳಗಿಸಿಕೊಳ್ಳುವುದು ಹೆಚ್ಚಾಗಿ ಅದರ ಮೇಲೆಯೇ. ನಾನು ಅದನ್ನು ತಯಾರಿಸಿ, ನಿರ್ವಾತದಲ್ಲಿ 150 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ, ಕಡು ನೇರಳೆ ಬಣ್ಣಕ್ಕೆ ತಿರುಗಿದ ಪುಡಿಯನ್ನು ತೂಕ ಮಾಡಲು ಸೀಸೆಯ ಮುಚ್ಚಳ ತೆರೆದೆ. ಹೊರಗೆ ಜುಲೈ ತಿಂಗಳ ಮಳೆ ಹೊಯ್ಯುತ್ತಿತ್ತು, ಕೋಣೆಯ ಹವಾನಿಯಂತ್ರಕ ಕೆಟ್ಟಿತ್ತು. ತಕ್ಕಡಿಯ ತಟ್ಟೆಯ ಮೇಲೆ ಪುಡಿಯ ಅಂಚು ಮೊದಲು ತಿಳಿಯಾಯಿತು. ಮತ್ತೆ ಕೆಲವೇ ನಿಮಿಷಗಳಲ್ಲಿ ಇಡೀ ರಾಶಿ ಆಕಾಶನೀಲಿಗೆ ತಿರುಗಿತು. ತಕ್ಕಡಿಯ ಕೊನೆಯ ಅಂಕಿ ಒಂದು ಕ್ಷಣವೂ ನಿಲ್ಲದೆ ಏರುತ್ತಲೇ ಇತ್ತು. ಗಾಳಿಯಲ್ಲಿದ್ದ ನೀರನ್ನೇ ಅದು ಕುಡಿಯುತ್ತಿತ್ತು. ಇಂಗಾಲದ ಡೈಆಕ್ಸೈಡಿಗಾಗಿ ನಾನು ಖಾಲಿ ಮಾಡಿ ಇಟ್ಟಿದ್ದ ತಾಮ್ರದ ಜಾಗಗಳೆಲ್ಲ, ಅಳತೆ ಆರಂಭವಾಗುವ ಮೊದಲೇ ಭರ್ತಿಯಾಗಿದ್ದವು.

ಕಾರಣ ಸರಳವಾದದ್ದು. ಒಣಗಿಸಿದಾಗ ಲೋಹದ ಪರಮಾಣುವಿನ ಒಂದು ಪಕ್ಕ ತೆರೆದುಕೊಳ್ಳುತ್ತದೆ, ಆ ತೆರೆದ ಪಕ್ಕಕ್ಕೆ ಇಂಗಾಲದ ಡೈಆಕ್ಸೈಡ್ ಬಂದು ಅಂಟಿಕೊಳ್ಳುತ್ತದೆ. ಆದರೆ ನೀರು ಅದಕ್ಕಿಂತ ಬಹಳ ಹೆಚ್ಚು ಧ್ರುವೀಯ, ಅಂದರೆ ಧನ ಮತ್ತು ಋಣ ವಿದ್ಯುದಂಶ ಬೇರೆ ಬೇರೆ ತುದಿಗೆ ಸರಿದಿರುವ, ಅಣುವಾದ್ದರಿಂದ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಕೆಲವು ಚೌಕಟ್ಟುಗಳಲ್ಲಂತೂ ಲೋಹ ಮತ್ತು ಸಾವಯವ ಕೊಂಡಿಯ ನಡುವಿನ ಬಂಧವನ್ನೇ ಕತ್ತರಿಸಿಬಿಡುತ್ತದೆ. ಮೆಗ್ನೀಸಿಯಂ ಎಂಒಎಫ್-74 ಎಂಬ ವಸ್ತು ಒಣ, ಶುದ್ಧ ಅನಿಲದಲ್ಲಿ ತನ್ನ ತೂಕದ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ. ಪ್ರಬಂಧಗಳಲ್ಲಿ ಈ ಅಂಕಿಯನ್ನು ನೋಡಿದವರಿಗೆ ಕೆಲಸ ಮುಗಿದೇ ಹೋಯಿತೆನಿಸಬೇಕು. ತೇವದ ಅನಿಲವನ್ನು ಹಾಯಿಸಿದ ಮೇಲೆ ಅದರ ಸಾಮರ್ಥ್ಯ ಕುಸಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು 2021ರಲ್ಲಿ ವಿವರಿಸಿದ ಸಿಎಎಲ್‌ಎಫ್-20 ಎಂಬ ಸತುವಿನ ಚೌಕಟ್ಟು ಹೀರುವ ಪ್ರಮಾಣದಲ್ಲಿ ದಾಖಲೆಯದ್ದೇನೂ ಅಲ್ಲ. ಅದರಲ್ಲಿ ತೆರೆದ ಲೋಹದ ಜಾಗಗಳಿಲ್ಲ. ರಂಧ್ರದ ಅಳತೆಯೇ ಇಂಗಾಲದ ಡೈಆಕ್ಸೈಡಿಗೆ ಒಪ್ಪುವಂತಿದೆ. ತೇವಾಂಶ ಸುಮಾರು ಶೇಕಡಾ 40 ಮುಟ್ಟುವವರೆಗೂ ಅದು ನೀರಿಗಿಂತ ಇಂಗಾಲದ ಡೈಆಕ್ಸೈಡನ್ನೇ ಆರಿಸಿಕೊಳ್ಳುತ್ತದೆ. ಅಲ್ಲಿನ ಸಿಮೆಂಟ್ ಕಾರ್ಖಾನೆಯೊಂದರ ಹೊಗೆಯಿಂದ ದಿನಕ್ಕೆ ಒಂದು ಟನ್ ಹಿಡಿಯುವ ಮಟ್ಟಕ್ಕೆ ಅದು ಬೆಳೆದಿದೆ. ನೊಬೆಲ್ ಸುದ್ದಿಗಿಂತ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಈ ಸಾಧಾರಣ ಅಂಕಿಯ ವಸ್ತು.

ಇನ್ನು ಚಿಮಣಿಯ ಗಾತ್ರದ ಮಾತು. ಪಡುಬಿದ್ರಿ ಬಳಿಯ ಎಲ್ಲೂರಿನ ಸ್ಥಾವರದ ಸಾಮರ್ಥ್ಯ 1200 ಮೆಗಾವಾಟ್. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ತೆಗೆಯುವಾಗ ಸ್ಥೂಲವಾಗಿ 0.9 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂದು ಹಿಡಿದರೆ, ಪೂರ್ಣ ಸಾಮರ್ಥ್ಯದಲ್ಲಿ ನಡೆಯುವ ಇಷ್ಟು ದೊಡ್ಡ ಸ್ಥಾವರ ಗಂಟೆಗೆ ಸಾವಿರ ಟನ್ನಿನಷ್ಟು ಹೊರಹಾಕುತ್ತದೆ. ಹೀರುವಸ್ತು ಪ್ರತಿ ಸುತ್ತಿನಲ್ಲೂ ತನ್ನ ತೂಕದ ಹತ್ತನೇ ಒಂದು ಭಾಗವನ್ನು ಹಿಡಿದು ಬಿಡುತ್ತದೆ, ಒಂದು ಸುತ್ತಿಗೆ ಒಂದು ಗಂಟೆ ಬೇಕು ಎಂದುಕೊಳ್ಳಿ: ಆಗ ಹತ್ತು ಸಾವಿರ ಟನ್ ಹೀರುವಸ್ತು ಬೇಕು. ನಾನು ಒಂದು ವಾರ ದುಡಿದು ತಯಾರಿಸುವುದು ಐದು ಗ್ರಾಂ. ದುಬಾರಿ ಕೊಂಡಿ, ಅಪರೂಪದ ಲೋಹ, ಲೀಟರುಗಟ್ಟಲೆ ದ್ರಾವಕ ಬೇಡುವ ಚೌಕಟ್ಟು ಎಷ್ಟೇ ಸುಂದರವಾಗಿದ್ದರೂ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಿಡಿದದ್ದನ್ನು ಬಿಡಿಸಲು ಶಾಖ ಬೇಕೆಂಬುದು ಇದರಷ್ಟೇ ದೊಡ್ಡ ತೊಡಕು. 1930ರ ಪೇಟೆಂಟಿನಿಂದ ಬಂದ, ಅಮೀನ್ (ಸಾರಜನಕವಿರುವ ಕ್ಷಾರೀಯ ಸಾವಯವ ಸಂಯುಕ್ತ) ದ್ರಾವಣದ ವಿಧಾನವೇ ಇಂದಿಗೂ ಕೈಗಾರಿಕೆಯ ಅಳತೆಗೋಲು. ಮೋನೋಇಥನಾಲ್‌ಅಮೀನನ್ನು ನೀರಿನಲ್ಲಿ ಶೇಕಡಾ 30ರಷ್ಟು ಕಲಸಿ, ಹೊಗೆಗೆ ಒಡ್ಡಿ, ಬಳಿಕ ಸುಮಾರು 120 ಡಿಗ್ರಿಗೆ ಕಾಯಿಸಿ ಅನಿಲವನ್ನು ಬಿಡಿಸುತ್ತಾರೆ. ಟನ್ನಿಗೆ ಮೂರೂವರೆಯಿಂದ ನಾಲ್ಕು ಗಿಗಾಜೂಲ್ ಶಾಖ ಇದಕ್ಕೆ ಹೋಗುತ್ತದೆ, ಅದರಲ್ಲಿ ದೊಡ್ಡದೊಂದು ಪಾಲು ದ್ರಾವಣದ ನೀರನ್ನು ಕಾಯಿಸಿ ಆವಿಯಾಗಿಸುವುದಕ್ಕೇ ವ್ಯಯವಾಗುತ್ತದೆ. ಸ್ಥಾವರ ತಾನು ಉತ್ಪಾದಿಸುವ ವಿದ್ಯುತ್ತಿನಲ್ಲಿ ಸರಿಸುಮಾರು ಐದನೇ ಒಂದು ಭಾಗ ಅಥವಾ ಅದಕ್ಕೂ ಹೆಚ್ಚನ್ನು ಇದಕ್ಕಾಗಿ ಬಿಟ್ಟುಕೊಡಬೇಕು. ಘನರೂಪದ ಹೀರುವಸ್ತುಗಳ ಹಿಂದೆ ನಾವು ಬಿದ್ದಿರುವುದು ಈ ಹೊರೆಯನ್ನು ಇಳಿಸುವುದಕ್ಕೆ. ನೂರು ಡಿಗ್ರಿಯೊಳಗೆ ಬಿಟ್ಟುಕೊಡುವ ವಸ್ತು ಸಿಕ್ಕರೆ ಸೂರ್ಯನ ಶಾಖ ಅಥವಾ ಕಾರ್ಖಾನೆಗಳು ಚೆಲ್ಲುವ ಶಾಖ ಸಾಕಾಗುತ್ತದೆ.

ನೀರನ್ನು ನಾನು ಶತ್ರುವೆಂಬಂತೆ ಚಿತ್ರಿಸಿದೆ. ಅದು ಅರ್ಧ ಸತ್ಯ. ಉಳಿದರ್ಧ ನಮ್ಮ ಊರಿನವರಿಗೆ ವೀಳ್ಯದೆಲೆಯ ತಟ್ಟೆಯಿಂದಲೇ ಗೊತ್ತು. ಹೊಳೆಯ ಮರುವಾಯಿ ಚಿಪ್ಪನ್ನು ಸುಣ್ಣದ ಗೂಡಿನಲ್ಲಿ ಸುಟ್ಟಾಗ, ಪ್ರತಿ 100 ಗ್ರಾಂ ಚಿಪ್ಪಿನಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಬುಸುಗುಟ್ಟಿ ಅರಳುತ್ತದೆ. ಗೋಡೆಗೆ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಮರಳಿ ಪಡೆದು ಮತ್ತೆ ಚಿಪ್ಪಿನ ರಸಾಯನಕ್ಕೇ ತಿರುಗುತ್ತದೆ. ಪೂರಾ ಒಣಗಿದ ಅರಳಿದ ಸುಣ್ಣ ಈ ಕೆಲಸವನ್ನು ಬಹಳ ಸೋಮಾರಿಯಾಗಿ ಮಾಡುತ್ತದೆ. ಕಣದ ಮೇಲೆ ತೆಳುವಾದ ನೀರಿನ ಪದರವಿದ್ದಾಗ ಮಾತ್ರ ಅದು ಚುರುಕಾಗುತ್ತದೆ. ಅಮೀನ್ ಕಟ್ಟಿದ ಘನವಸ್ತುಗಳೂ ಹಾಗೆಯೇ. ಒಣ ಅನಿಲದಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಹಿಡಿಯಲು ಎರಡು ಅಮೀನ್ ಗುಂಪುಗಳು ಬೇಕು. ನೀರಿದ್ದರೆ ಬೈಕಾರ್ಬನೇಟಿನ ದಾರಿಯಲ್ಲಿ ಒಂದೇ ಸಾಕಾಗಬಹುದು. ಆದ್ದರಿಂದ ತೇವಕ್ಕೆ ಹೆದರುವ ವಸ್ತುಗಳಿಗೆ ಕೊಡೆ ಹಿಡಿಯುವುದಕ್ಕಿಂತ ತೇವವನ್ನು ಬಳಸಿಕೊಳ್ಳುವ ವಸ್ತುಗಳನ್ನು ಹುಡುಕುವುದೇ ನಮ್ಮಂಥ ಪ್ರದೇಶಕ್ಕೆ ಒಗ್ಗುವ ದಾರಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸುಣ್ಣದ ಈ ಸುತ್ತನ್ನೇ ದೊಡ್ಡ ಪ್ರಮಾಣದಲ್ಲಿ ನಡೆಸುವ ತಂತ್ರವೂ ಇದೆ: 650 ಡಿಗ್ರಿಯ ಆಸುಪಾಸಿನಲ್ಲಿ ಹೀರಿಸುವುದು, 900ರ ಆಸುಪಾಸಿನಲ್ಲಿ ಬಿಡಿಸುವುದು. ಗ್ರಾಂ ಲೆಕ್ಕದಲ್ಲಿ ಸುಟ್ಟ ಸುಣ್ಣ ನಾನು ಹೇಳಿದ ಮೆಗ್ನೀಸಿಯಂ ಚೌಕಟ್ಟಿಗಿಂತ ಎರಡು ಪಟ್ಟು ಹೆಚ್ಚು ಹಿಡಿಯಬಲ್ಲದು, ಬೆಲೆಯ ಹೋಲಿಕೆಯಂತೂ ಬೇಡ. ಆದರೆ ಅಷ್ಟು ಬಿಸಿಯಲ್ಲಿ ಕಣಗಳು ಒಂದಕ್ಕೊಂದು ಬೆಸೆದು ರಂಧ್ರಗಳು ಮುಚ್ಚಿಹೋಗುತ್ತವೆ, ಹತ್ತಾರು ಸುತ್ತುಗಳಲ್ಲಿ ಮೊದಲಿನ ಸಾಮರ್ಥ್ಯದ ಬಹುಪಾಲು ಕಳೆದುಹೋಗುತ್ತದೆ. ಜಿರ್ಕೋನಿಯಾ, ಮೆಗ್ನೀಷಿಯಾದಂಥ ಕರಗದ ಕಣಗಳನ್ನು ನಡುವೆ ಸೇರಿಸಿ ಈ ಬೆಸುಗೆಯನ್ನು ತಡೆಯುವ ಪ್ರಯತ್ನ ನಡೆಯುತ್ತಿದೆ. ಚಿಪ್ಪು ಸುಡುವಾಗ ಹೊರಬಂದ 44 ಗ್ರಾಮನ್ನು ಗೂಡಿನ ಬಾಯಲ್ಲೇ ಹಿಡಿಯದಿದ್ದರೆ ಇಡೀ ಸುತ್ತಿನಿಂದ ಲಾಭವಿಲ್ಲ ಎಂಬುದನ್ನೂ ಮರೆಯಬಾರದು.

ತೆಂಗಿನ ಗೆರಟೆಯ ಇದ್ದಿಲಿನ ಬಗ್ಗೆ ನೀವು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಗೆರಟೆಯನ್ನು ಗಾಳಿಯಿಲ್ಲದೆ ಸುಟ್ಟು, ಹಬೆ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಸಕ್ರಿಯಗೊಳಿಸಿದರೆ ಒಂದು ಗ್ರಾಮಿನ ಒಳಮೈ ಸಾವಿರ ಚದರ ಮೀಟರಿಗೆ ಏರುತ್ತದೆ. ಒಂದು ಚಮಚದಲ್ಲಿ ಹಿಡಿಯುವ ನಾಲ್ಕು ಗ್ರಾಂ ಇದ್ದಿಲಿನೊಳಗೆ ಒಂದು ಎಕರೆ ಗದ್ದೆಯಿದೆ. ಶುದ್ಧ ಇಂಗಾಲದ ಡೈಆಕ್ಸೈಡಿನಲ್ಲಿ ಗ್ರಾಮಿಗೆ 3ರಿಂದ 4 ಮಿಲಿಮೋಲ್, ಅಂದರೆ ತನ್ನ ತೂಕದ ಸುಮಾರು ಶೇಕಡಾ 13ರಿಂದ 18ರಷ್ಟು, ಹಿಡಿಯುವ ಇದ್ದಿಲನ್ನು ಕಾಲೇಜಿನ ಕುಲುಮೆಯಲ್ಲೇ ತಯಾರಿಸಬಹುದು. ಆದರೆ ಚಿಮಣಿಯಲ್ಲಿ ಶುದ್ಧ ಅನಿಲವಿಲ್ಲ, ಅಲ್ಲಿ ಅದರ ಪಾಲು ಏಳರಲ್ಲಿ ಒಂದು. ಆ ಒತ್ತಡದಲ್ಲಿ ಅಂಕಿ ಬಹಳ ಇಳಿಯುತ್ತದೆ. ಇದ್ದಿಲು ನೀರನ್ನು ಒಲ್ಲದು ಎಂದು ಪುಸ್ತಕಗಳು ಹೇಳುವುದೂ ಅರ್ಧ ತೇವಾಂಶದವರೆಗೆ ಮಾತ್ರ ನಿಜ. ಅದನ್ನು ದಾಟಿದೊಡನೆ ರಂಧ್ರಗಳು ಒಟ್ಟಿಗೆ ತುಂಬಿಕೊಳ್ಳುತ್ತವೆ. ಜನವರಿಯಲ್ಲಿ ನಾನು ಮೆಚ್ಚಿ ದಾಖಲಿಸಿದ್ದ ಇದ್ದಿಲಿನ ಮಾದರಿ, ಮಳೆಗಾಲದ ಗಾಳಿಗೆ ಒಡ್ಡಿದಾಗ ಬೇರೆಯೇ ವಸ್ತುವಿನಂತೆ ವರ್ತಿಸಿತು.

ಹಿಡಿದದ್ದನ್ನು ಇಂಧನವಾಗಿಸುವ ಬಗ್ಗೆಯೂ ಎರಡು ಮಾತು. ಒಂದು ಟನ್ ಮೆಥನಾಲಿಗೆ ಸುಮಾರು 1.4 ಟನ್ ಇಂಗಾಲದ ಡೈಆಕ್ಸೈಡ್ ಮತ್ತು 190 ಕಿಲೋ ಜಲಜನಕ ಬೇಕು. ನೀರನ್ನು ವಿಭಜಿಸಿ ಒಂದು ಕಿಲೋ ಜಲಜನಕ ತೆಗೆಯಲು 50 ಯೂನಿಟ್‌ಗಳಷ್ಟು ವಿದ್ಯುತ್ ಹಿಡಿಯುವುದರಿಂದ, ಒಟ್ಟು ಒಂಬತ್ತು ಸಾವಿರಕ್ಕೂ ಹೆಚ್ಚು ಯೂನಿಟ್‌ಗಳಾಗುತ್ತವೆ. ಆ ವಿದ್ಯುತ್ ಕಲ್ಲಿದ್ದಲಿನದಾದರೆ 1.4 ಟನ್ನನ್ನು ಬಳಸಿಕೊಳ್ಳಲು ಎಂಟು ಟನ್ನಿಗಿಂತ ಹೆಚ್ಚು ಹೊರಬಿಟ್ಟಂತಾಗುತ್ತದೆ. ಆದ್ದರಿಂದ ಸೌರ ಮತ್ತು ಪವನ ವಿದ್ಯುತ್ ಇಲ್ಲದೆ ಈ ಮಾತೇ ಇಲ್ಲ. ಸೌರಕೋಶಗಳ ಹೊಸ ವಸ್ತುವಾದ ಪೆರೋವ್‌ಸ್ಕೈಟ್ 2009ರಲ್ಲಿ ಶೇಕಡಾ 3.8ರ ದಕ್ಷತೆಯಿಂದ ಹೊರಟು ಈಗ 26ನ್ನು ದಾಟಿದೆ, ಆದರೆ ಅದಕ್ಕೂ ನೀರಿನದೇ ಕಾಟ: ಸರಿಯಾಗಿ ಮುಚ್ಚದಿದ್ದರೆ ಕಪ್ಪು ಪದರ ಸೀಸದ ಅಯೊಡೈಡಿನ ಹಳದಿಗೆ ತಿರುಗಿ ಸತ್ತುಹೋಗುತ್ತದೆ. ಹಾಗೆಯೇ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳಲ್ಲಿ ಐಸ್‌ಲ್ಯಾಂಡಿನಲ್ಲಿ ನೆಲದಡಿಯ ಶಿಲೆಗೆ ತೂರಿಸಿ ಮಾಡುವಂತೆ ಇಂಗಾಲದ ಡೈಆಕ್ಸೈಡನ್ನು ಕಲ್ಲಾಗಿಸಬಹುದೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಐಸ್‌ಲ್ಯಾಂಡಿನದು ಹಾಗೆ ಕಲ್ಲಾಗಲು ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಮೃದ್ಧವಾದ ಬಸಾಲ್ಟ್. ನಮ್ಮದು ಅವು ವಿರಳವಾಗಿರುವ ರಯೊಲೈಟ್ ಜಾತಿಯ ಶಿಲೆ, ಮೇಲಾಗಿ ರಕ್ಷಿತ ಸ್ಮಾರಕ.

ಊರು ಬಿಡಬೇಕೇ ಎಂಬುದಕ್ಕೆ ನನ್ನ ಉತ್ತರ: ಈಗಲೇ ಬೇಡ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲ ಮತ್ತು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ವಸ್ತುವಿಜ್ಞಾನದ ಕೆಲಸ ನಡೆಯುತ್ತಿದೆ. ಮುಂದೆ ಸಂಶೋಧನೆಗೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ, ಇಂಗಾಲ ಹಿಡಿದು ಬಳಸುವ ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರಗಳಲ್ಲಿ ಒಂದು ಅಲ್ಲೇ ಇದೆ. ಮಾರ್ಗದರ್ಶಕರನ್ನು ಭೇಟಿಯಾದಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ನಿಮ್ಮಲ್ಲಿ ನೀರಾವಿ ಬೆರೆಸಿದ ಅನಿಲವನ್ನು ಹಾಯಿಸಿ ಅಳೆಯುವ ವ್ಯವಸ್ಥೆ ಇದೆಯೇ? ಇಲ್ಲವೆಂದರೆ ಅದನ್ನು ಕಟ್ಟುವುದೇ ನಿಮ್ಮ ಮೊದಲ ಕೆಲಸವಾಗಲಿ. ಇಂಗಾಲದ ಡೈಆಕ್ಸೈಡ್ ಬೆರೆಸಿದ ಸಾರಜನಕವನ್ನು ನೀರಿನ ಸೀಸೆಯ ಮೂಲಕ ಗುಳ್ಳೆಗಟ್ಟಿಸಿ ತರುವ ಒಂದು ಕೊಳವೆ, ಮಾದರಿಯನ್ನು ತುಂಬಿದ ಗಾಜಿನ ನಳಿಗೆ, ಹೊರತುದಿಯಲ್ಲಿ ಇಂಗಾಲದ ಡೈಆಕ್ಸೈಡ್ ಮಾಪಕ, ಇಷ್ಟರಿಂದ ಆರಂಭಿಸಬಹುದು. ಗೆರಟೆಯ ಇದ್ದಿಲನ್ನೇ ತುಂಬಿ, ಒಂದು ಸಲ ಒಣ ಅನಿಲದಲ್ಲಿ, ಒಂದು ಸಲ ತೇವದ ಅನಿಲದಲ್ಲಿ, ತಲಾ ಇಪ್ಪತ್ತು ಸುತ್ತು ಓಡಿಸಿ, ಎರಡೂ ರೇಖೆಗಳನ್ನು ಒಂದೇ ಕಾಗದದ ಮೇಲೆ ಬರೆಯಿರಿ. ಉಪಕರಣವನ್ನು ಬೇಸಿಗೆಯಲ್ಲಿ ಕಟ್ಟಿ ಮುಗಿಸಿ. ಅಳತೆಯನ್ನು ಜೂನ್ ಮೊದಲ ವಾರದಲ್ಲಿ, ಕಿಟಕಿ ತೆರೆದಿಟ್ಟು ಶುರುಮಾಡಿ.